ಗುಡುಗು ಬೇಕೋ, ಮಾತು ಬೇಕೋ?

ಕೊಪ್ಪಳವಿರಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇರಲಿ, ಸ್ಟೀರಿಯೋ ಕೊಳ್ಳಹೋದವರಿಗೆ ಅಂಗಡಿಯವರು ಮೊದಲು ಕೇಳಿಸುವುದು ಬಾಸಿನ ಗುಡುಗು. ಎದೆ ನಡುಗಿದರೆ ಮಾಲು ಚಲೋ ಐತಿ ಎಂದು ಗಿರಾಕಿ ತಲೆದೂಗುತ್ತಾನೆ. ನನ್ನದು ತಕರಾರಿದೆ.

ಮಕ್ಕಳ ಬಾಯಲ್ಲಿ ‘ಸ’, ‘ಶ’ ಬೇರೆ ಮಾಡಿಸಲು ಹೆಣಗುವ ಅಕ್ಕೋರು ನಾನು. ಈ ಅಕ್ಷರಗಳ ಉಸಿರು ಇರುವುದು ಸುಮಾರು 3,000ದಿಂದ 8,000 ಹರ್ಟ್ಸ್‌ನಲ್ಲಿ. ಬಾಸ್ ಗುಂಡಿ ಎತ್ತುವುದು 100ರ ಆಸುಪಾಸನ್ನು. ಅದನ್ನು 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಅಲ್ಲಿ ಹತ್ತುಪಟ್ಟು ಶಕ್ತಿ ಸುರಿಯಬೇಕು. ಮಾತು ಮುಳುಗದೆ ಇನ್ನೇನು? ಟ್ರೆಬಲ್ ಏರಿಸಿದರಾಯಿತು ಅನ್ನುತ್ತೀರಾ? ಸುಯ್ಯೆನ್ನುವ ಸದ್ದೂ ಏರುತ್ತದೆ.

ತೊಗಲುಗೊಂಬೆಯಾಟದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅಂಥ ಕಥೆ ಹೇಳುವವರ ನಾಡಿದು. ಎರಡೂ ಗುಂಡಿ ನಡುವಿಗಿಟ್ಟು ಮಾತು ಕೇಳಿ. ಒಂದಕ್ಷರ ತಿಳಿಯದಿದ್ದರೂ ಆ ಪೆಟ್ಟಿಗೆ ಅಂಗಡಿಯಲ್ಲೇ ಇರಲಿ.