ಬೀದಿಗೂ ಒಂದು ಲೆಕ್ಕವಿರಲಿ

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಬಡಾವಣೆಯ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸ್ ಬೇಗನೆ ಬಂತಾದರೂ ಬೀದಿಯ ತಿರುವಿನಲ್ಲೇ ನಿಲ್ಲಬೇಕಾಯಿತು. ಮೂವತ್ತು ಅಡಿ ರಸ್ತೆಯ ಎರಡೂ ಬದಿಗಳಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಅವರನ್ನು ಕುರ್ಚಿಯಲ್ಲಿ ಕೂರಿಸಿ ತಿರುವಿನವರೆಗೆ ಹೊತ್ತು ತಂದೆವು. ಪುಣ್ಯಕ್ಕೆ ಅವರು ಬದುಕಿದರು. ದಾರಿಗೆ ಅಡ್ಡವಾಗಿದ್ದ ಕಾರುಗಳಲ್ಲಿ ಒಂದು ನನ್ನದು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನಿರುವುದು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ ಮೆಟ್ರೊ ಆರಂಭವಾದ ಮೇಲೆ ಬಡಾವಣೆಯ ನಿವಾಸಿಗಳು ಸಭೆ ಸೇರಿದ್ದೆವು. ನಿಲ್ದಾಣಕ್ಕೆ ಸಂಪರ್ಕ ಬಸ್ ಬೇಕೆಂದವರು ಇಬ್ಬರು. ನಿಲ್ದಾಣದ ಬಳಿ ಕಾರು ನಿಲ್ಲಿಸಲು ಜಾಗ ಬೇಕೆಂದವರು ಉಳಿದವರೆಲ್ಲರೂ. ಕಾರುಗಳನ್ನು ಕಡಿಮೆ ಮಾಡಲೆಂದು ಬಂದ ರೈಲಿಗೆ ಕಾರಿನಲ್ಲೇ ಹೋಗುವ ಹಟ ನಮ್ಮದು!

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಸಣ್ಣ ಲೆಕ್ಕ ಒಪ್ಪಿಸುತ್ತೇನೆ. ಒಂದು ಕಾರು ನಿಲ್ಲಲು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಜಾಗ ಬೇಕು. ಅಂದರೆ ಸುಮಾರು 135 ಚದರ ಅಡಿ. ಮೂವತ್ತು-ನಲವತ್ತರ ನಿವೇಶನದ ಒಂಬತ್ತರಲ್ಲಿ ಒಂದು ಪಾಲು. ಮನೆ ಕಟ್ಟುವಾಗ ನಕ್ಷೆಯಲ್ಲಿ ನಾನೂ ಕಾರಿಗೆ ಜಾಗ ತೋರಿಸಿದ್ದೆ. ಈಗ ಅಲ್ಲಿ ಒಂದು ಕೋಣೆಯಿದೆ. ಪ್ರತಿ ತಿಂಗಳೂ ಬಾಡಿಗೆ ಬರುತ್ತದೆ. ಕಾರು ಬೀದಿಯಲ್ಲಿದೆ. ಬಾಡಿಗೆ ನನ್ನದು, ಜಾಗ ಸಾರ್ವಜನಿಕರದು. ಇದಕ್ಕೆ ಸಬ್ಸಿಡಿ ಎಂಬುದನ್ನು ಬಿಟ್ಟು ಬೇರೆ ಹೆಸರಿಲ್ಲ. ಅದನ್ನು ಕೊಡುತ್ತಿರುವವರು ಅದೇ ಬೀದಿಯಲ್ಲಿ ಕಾರುಗಳ ನಡುವೆ ನುಸುಳಿ ಬಸ್ಸಿಗೆ ನಡೆಯುವ ಮನೆಗೆಲಸದ ಹೆಂಗಸರು ಮತ್ತು ಶಾಲಾ ಮಕ್ಕಳು.

ನಾನು ಹುಟ್ಟಿ ಬೆಳೆದದ್ದು ಕುಮಟಾ ತಾಲ್ಲೂಕಿನ ಸಂತೆಗುಳಿಯಲ್ಲಿ. ನಮ್ಮ ಜಿಲ್ಲೆಯ ಅಡಿಕೆ ತೋಟಿಗರಿಗೆ 'ಸೊಪ್ಪಿನ ಬೆಟ್ಟ'ದ ಸೌಲಭ್ಯವಿದೆ. ಎಕರೆ ತೋಟಕ್ಕೆ ಇಷ್ಟು ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದದ್ದು. ತೋಟಿಗರು ಅಲ್ಲಿಂದ ಸೊಪ್ಪು, ದರಕು ತರಬಹುದು. ಆದರೆ ಬೆಟ್ಟ ಅವರ ಸ್ವಂತ ಆಸ್ತಿಯಲ್ಲ. ಈ ವ್ಯವಸ್ಥೆಯಲ್ಲಿ ಜಗಳಗಳಿರಲಿಲ್ಲ, ಒತ್ತುವರಿ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೂ ಎಲ್ಲರಿಗೂ ಸೇರಿದ್ದನ್ನು ಬಳಸುವವನಿಗೆ ಒಂದು ಮಿತಿಯಿದೆ ಎಂಬ ತಿಳಿವಳಿಕೆ ಅದರಲ್ಲಿತ್ತು. ಓದಿ ನಗರ ಸೇರಿದ ನಾವು ಬೀದಿಯ ವಿಷಯದಲ್ಲಿ ಅಷ್ಟನ್ನೂ ಉಳಿಸಿಕೊಂಡಿಲ್ಲ.

ನೀತಿಗಳ ಕೊರತೆ ನಮಗಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ನಿಲುಗಡೆ ಶುಲ್ಕವು ಭೂಮಿಯ ಬೆಲೆಯನ್ನು ಪ್ರತಿಬಿಂಬಿಸಬೇಕು ಎಂದಿತ್ತು. 2021ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ 'ಪಾರ್ಕಿಂಗ್ ನೀತಿ 2.0' ವಸತಿ ಬೀದಿಗಳಿಗೂ ವಾರ್ಷಿಕ ಪರವಾನಗಿ ಸೂಚಿಸಿತ್ತು. ನಮ್ಮ ಬಡಾವಣೆಯಲ್ಲಿ ಅಂಥ ಪರವಾನಗಿಯನ್ನು ಕಂಡವರಿಲ್ಲ. ಕಡತಗಳು ಹೇಗೆ ನಿಲ್ಲುತ್ತವೆ ಎಂಬುದು ನನಗೆ ಗೊತ್ತು. ಸೇವೆಯಲ್ಲಿದ್ದಾಗ ಇಂಥದೇ ಒಂದು ಶುಲ್ಕದ ಪ್ರಸ್ತಾವದ ಮೇಲೆ 'ಸೂಕ್ತ ಸಮಯದಲ್ಲಿ ಪರಿಶೀಲಿಸಬಹುದು' ಎಂದು ಬರೆದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಆ ಸೂಕ್ತ ಸಮಯ ನನ್ನ ನಿವೃತ್ತಿಯವರೆಗೂ ಬರಲಿಲ್ಲ.

ಬಸ್ಸು ಸರಿಯಿಲ್ಲದ್ದರಿಂದಲೇ ಕಾರು ಕೊಂಡಿದ್ದೇವೆ, ಈಗ ಅದಕ್ಕೂ ದಂಡ ತೆರಬೇಕೆ ಎಂದು ಮಧ್ಯಮ ವರ್ಗ ಕೇಳುತ್ತದೆ. ಸಂಗ್ರಹಿಸಿದ ಹಣ ಗುತ್ತಿಗೆದಾರನ ಜೇಬು ಸೇರುತ್ತದೆ ಎಂಬ ಅನುಮಾನವೂ ಇದೆ. ಎರಡೂ ನ್ಯಾಯವಾದ ಆಕ್ಷೇಪಗಳೇ. ಅವುಗಳಿಗೆ ಉತ್ತರವೂ ಒಂದೇ: ಹಣ ಎಲ್ಲಿಂದ ಬರುತ್ತದೋ ಅಲ್ಲಿಯೇ ಕಣ್ಣಿಗೆ ಕಾಣುವಂತೆ ಖರ್ಚಾಗಬೇಕು. ಅಮೆರಿಕದ ಪಸಡೀನಾ ನಗರದ ಹಳೆಯ ಪೇಟೆಯಲ್ಲಿ 1993ರಲ್ಲಿ ನಿಲುಗಡೆ ಮೀಟರ್‌ಗಳನ್ನು ಅಳವಡಿಸಿ, ಬಂದ ಹಣವನ್ನು ಅದೇ ಬೀದಿಗಳ ಪಾದಚಾರಿ ಮಾರ್ಗ, ದೀಪ, ಸ್ವಚ್ಛತೆಗೆ ಬಳಸಿದರು. ವ್ಯಾಪಾರಿಗಳ ವಿರೋಧ ಕರಗಿತು. ನಮ್ಮ ವಾರ್ಡಿನ ಶುಲ್ಕದಿಂದ ನಮ್ಮದೇ ಬಡಾವಣೆಗೆ ಸಂಪರ್ಕ ಬಸ್ಸೊಂದು ಬಂದರೆ ಇಲ್ಲಿಯೂ ವಿರೋಧ ತಗ್ಗೀತು. ಇನ್ನು ಜಪಾನಿನಲ್ಲಿ 1962ರ ಕಾನೂನಿನ ಪ್ರಕಾರ ಕಾರು ಹೊಂದುವವರು ಅದನ್ನು ನಿಲ್ಲಿಸಲು ರಸ್ತೆಯ ಹೊರಗೆ ಜಾಗವಿರಬೇಕು. ಒಂದು ಕೋಟಿಗೂ ಹೆಚ್ಚು ವಾಹನಗಳು ನೋಂದಣಿಯಾಗಿರುವ ಬೆಂಗಳೂರು ಅದನ್ನು ನಾಳೆಯೇ ಜಾರಿ ಮಾಡಲಾರದು; ಮನೆಯೊಂದರ ಎರಡನೆಯ ಕಾರಿನಿಂದಲಾದರೂ ಆರಂಭಿಸಬಹುದು.

ಬೆಂಗಳೂರಿಗೆ ತಡವಾಗಿದೆ, ನನ್ನ ಊರಿನ ಪೇಟೆಗಳಿಗೆ ಇನ್ನೂ ತಡವಾಗಿಲ್ಲ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಮತ್ತು ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕಾಮಗಾರಿ ಕುಮಟಾ, ಹೊನ್ನಾವರ, ಭಟ್ಕಳಗಳ ರೂಪವನ್ನು ಬದಲಿಸಿವೆ. ಹೆದ್ದಾರಿಯ ಬದಿಯಲ್ಲಿ ಹೊಸ ಮಳಿಗೆಗಳು ಏಳುತ್ತಿವೆ. ಗಿರಾಕಿಗಳ ವಾಹನಗಳು ರಸ್ತೆಯಂಚಿಗೆ ಬರುತ್ತಿವೆ. ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ಬಸ್ಸಿಳಿದು ಆಸ್ಪತ್ರೆಗೆ ನಡೆಯುವ ದಾರಿಯನ್ನು ಇಂದೇ ಗುರುತಿಸಿ ಕಾದಿರಿಸಿದರೆ ಖರ್ಚು ಅಲ್ಪ. ಇಪ್ಪತ್ತು ವರ್ಷಗಳ ನಂತರವಾದರೆ ಕಟ್ಟಡಗಳನ್ನು ಒಡೆಯಬೇಕಾಗುತ್ತದೆ.

ನನ್ನ ಬಾಡಿಗೆದಾರರ ಕರಾರು ಮುಗಿದ ಮೇಲೆ ಆ ಕೋಣೆಯನ್ನು ಮತ್ತೆ ಕಾರಿಗೆ ಬಿಟ್ಟುಕೊಡಲು ನಿರ್ಧರಿಸಿದ್ದೇನೆ. ಆದರೆ ಒಬ್ಬನ ಪಶ್ಚಾತ್ತಾಪದಿಂದ ಬೀದಿ ತೆರವಾಗದು. ತಿಂಗಳಿಗೊಂದು ಬಿಲ್ಲು ಬಂದಿದ್ದರೆ ನಾನು ಆ ಕೋಣೆಯನ್ನು ಕಟ್ಟುತ್ತಲೇ ಇರಲಿಲ್ಲ.