ನೋವಿಲ್ಲದ ವ್ಯಾಧಿ

ಮೂತ್ರಪಿಂಡದ ಕಾಯಿಲೆಯೆಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ಕಲ್ಲು, ಇಲ್ಲವೇ ಡಯಾಲಿಸಿಸ್. ಕಲ್ಲು ತನ್ನ ಇರವನ್ನು ನೋವಿನಿಂದ ತಾನೇ ಸಾರಿಕೊಳ್ಳುತ್ತದೆ. ಡಯಾಲಿಸಿಸ್ಸಾದರೋ ವ್ಯಾಧಿಯು ಬಹುದೂರ ಸಾಗಿದ ಮೇಲಿನ ಮಾತು. ಇವೆರಡರ ನಡುವೆ, ಯಾವ ವೇದನೆಯನ್ನೂ ಉಂಟುಮಾಡದೆ ವರ್ಷಾನುಗಟ್ಟಲೆ ಮೂತ್ರಪಿಂಡದ ಶೋಧಕಗಳನ್ನು ಕೆಡಿಸುತ್ತ ಹೋಗುವ ರೋಗಗಳ ಒಂದು ಕುಲವೇ ಉಂಟು.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷದಷ್ಟಿರುವ, ಗ್ಲಾಮೆರುಲಸ್ ಎಂದು ವೈದ್ಯರು ಕರೆಯುವ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ; ರಕ್ತಕಣಗಳಾಗಲಿ ಆಲ್ಬುಮಿನ್ ಎಂಬ ಪ್ರೋಟೀನಾಗಲಿ ಆ ಜರಡಿಯನ್ನು ದಾಟತಕ್ಕುದಲ್ಲ. ಅಲ್ಲಿ ಉರಿಯೂತ ತಗುಲಿತೆಂದರೆ ಕೆಂಪುಕಣಗಳು ನುಸುಳಿ ಮೂತ್ರವು ಚಹದ ಕಷಾಯದ ಬಣ್ಣ ತಾಳುವುದು, ರಕ್ತದೊತ್ತಡ ಏರುವುದು. ಗಂಟಲುನೋವೋ ಕೀವುಗಟ್ಟಿದ ಕಜ್ಜಿಯೋ ವಾಸಿಯಾದ ಕೆಲವು ವಾರಗಳಲ್ಲಿ ಮಕ್ಕಳಿಗೆ ತಗಲುವುದು ಬಹುಮಟ್ಟಿಗೆ ಈ ಬಗೆ. ಉರಿಯೂತವು ಅಷ್ಟಾಗಿಲ್ಲದೆ ಜರಡಿ ಸಡಿಲವಾಯಿತೆಂದರೆ ಆಲ್ಬುಮಿನ್ ಸೋರುವುದು; ವಯಸ್ಕರಲ್ಲಿ ಆ ಸೋರಿಕೆ ದಿನಕ್ಕೆ 3.5 ಗ್ರಾಮ್ ಮೀರಿ, ರಕ್ತದಲ್ಲಿ ಅದರ ಅಂಶ ಕುಗ್ಗಿ, ಮುಂಜಾನೆ ಕಣ್ಣಿನ ಸುತ್ತಲೂ ಸಂಜೆ ಕಾಲಿನಲ್ಲಿಯೂ ಬಾವು ಕಂಡರೆ ಅದು ನೆಫ್ರೋಟಿಕ್ ಸಿಂಡ್ರೋಮ್. ಎರಡೂ ಒಬ್ಬರಲ್ಲೇ ಬೆರೆತಿರುವುದುಂಟು. ಮೂಲಕಾರಣಗಳು ಹಲವು: ಮಧುಮೇಹ, ಲೂಪಸ್, ಕೆಲವು ನೋವಿನ ಮಾತ್ರೆಗಳು, ಕೇರಳದ ಮಲಪ್ಪುರಂ ಕಡೆಯಿಂದ 2023ರಲ್ಲಿ ವರದಿಯಾದಂತೆ, ಮುಖ ಬೆಳ್ಳಗಾಗಲೆಂದು ಹಚ್ಚಿದ ಕ್ರೀಮಿನೊಳಗಿನ ಪಾದರಸ ಕೂಡ.

ಬಾತ ಮೈಗೂ ಆಲ್ಬುಮಿನ್ ಕೂಡಿದ ಮೂತ್ರಕ್ಕೂ ಕೆಟ್ಟ ಮೂತ್ರಪಿಂಡಕ್ಕೂ ಇರುವ ಸಂಬಂಧವನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟನು 1827ರಲ್ಲಿಯೇ ಪ್ರಕಟಿಸಿದನು. ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಉರಿಗೆ ಕಾಯಿಸಿ, ಅದು ಹೆಪ್ಪುಗಟ್ಟುವುದೋ ಎಂದು ನೋಡುವುದು ಅವನ ಕಾಲದ ಪರೀಕ್ಷೆ. ಈಗ ಕೆಲವೇ ರೂಪಾಯಿಗಳ ಪಟ್ಟಿಯೊಂದನ್ನು ಅದ್ದಿದರೆ ಕ್ಷಣದಲ್ಲಿ ಬಣ್ಣ ತಿರುಗುವುದು. ಹೀಗಿದ್ದೂ, ಗರ್ಭಿಣಿಯರನ್ನು ಬಿಟ್ಟರೆ, ಬಿಪಿ ಶುಗರುಗಳನ್ನು ತಪ್ಪದೆ ನೋಡುವ ನಮ್ಮ ಚಿಕಿತ್ಸಾಲಯಗಳು ಮೂತ್ರವನ್ನು ಕೇಳುವುದು ವಿರಳ. ರಕ್ತದ ಕ್ರಿಯಾಟಿನಿನ್ ಸರಿಯಿದೆಯೆಂಬ ಚೀಟಿಯನ್ನು ನೆಚ್ಚಿ ಕೂರುವವರು ತಿಳಿಯಬೇಕಾದದ್ದು, ಶೋಧನಶಕ್ತಿ ಅರ್ಧದಷ್ಟು ನಷ್ಟವಾಗುವ ಪರ್ಯಂತವೂ ಆ ಅಂಕಿ ಏರದೆ ಇರಬಹುದೆಂಬುದು. ಸೋರಿಕೆಯಾದರೋ ಎಷ್ಟೋ ಮೊದಲೇ ಮೂತ್ರದಲ್ಲಿ ಕಾಣಸಿಗುತ್ತದೆ. ಬಿಪಿ, ಮಧುಮೇಹ, ಬಾವು ಇವುಗಳಲ್ಲಿ ಒಂದಿದ್ದರೂ ಮೂತ್ರದ ಆಲ್ಬುಮಿನ್ ನೋಡದೆ ರೋಗಿಯನ್ನು ಕಳುಹಿಸಕೂಡದೆಂಬುದು ನನ್ನ ಆಗ್ರಹ.

ಬಾವು ಕಂಡಾಗ ನಂಜೆಂದು ಉಪ್ಪು ಬಿಡಿಸುವ ಅಜ್ಜಿಯರ ಪಥ್ಯದಲ್ಲಿ ಅರ್ಧ ಸತ್ಯವುಂಟು. ಅಷ್ಟರಿಂದಲೇ ತೃಪ್ತರಾಗಿ ಆಸ್ಪತ್ರೆಗೆ ಹೋಗದಿರುವುದು ಅಪಾಯ. ಪ್ರೋಟೀನ್ ಹೋಯಿತೆಂದು ಮೊಟ್ಟೆಯನ್ನು ರಾಶಿರಾಶಿಯಾಗಿ ತಿನ್ನಿಸಿದರೆ ಸೋರಿಕೆ ನಿಲ್ಲುವುದಿಲ್ಲ. ಮಕ್ಕಳ ನೆಫ್ರೋಟಿಕ್ ವ್ಯಾಧಿಯಂತೂ ಬಹುಪಾಲು ಸ್ಟೀರಾಯ್ಡಿಗೆ ಮಣಿಯುವಂಥದು, ಆದರೆ ಮರಳಿ ಮರಳಿ ಬರುವಂಥದು. ಬಾವು ಇಳಿಯಿತು, ಮಗು ದಪ್ಪಗಾಯಿತು ಎಂದು ಹೆತ್ತವರು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಇಲ್ಲಿ ದೊಡ್ಡ ಅನರ್ಥ. ಬೆಳಗಿನ ಮೂತ್ರವನ್ನು ಮನೆಯಲ್ಲಿಯೇ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವುದನ್ನು ತಾಯಿಗೆ ಕಲಿಸಿದರೆ, ಮುಖ ಬಾಯುವುದಕ್ಕೆ ಮುನ್ನವೇ ಮರುಕಳಿಕೆ ತಿಳಿದುಬಿಡುತ್ತದೆ. ಅದನ್ನು ಕಲಿಸಲು ಬೇಕಾದ ಹತ್ತು ನಿಮಿಷವನ್ನು, ಹೊರಗೆ ಸಾಲು ಎಷ್ಟೇ ಉದ್ದವಿರಲಿ, ಚೀಟಿ ಬರೆಯುವ ವೈದ್ಯರೇ ಕೊಡಬೇಕು.