ಮುಖಕ್ಕೆ ತಾಗುವ ಸ್ಪಂಜು ಯಾರದ್ದು?

ಮದುವೆ ಮನೆಯಲ್ಲಿ ಮದುಮಗಳನ್ನು ಸಿಂಗರಿಸುವ ಕೋಣೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮಂಚದ ತುಂಬ ಬಟ್ಟೆ, ಪಿನ್ನು, ಮಲ್ಲಿಗೆ ಚೆಂಡು. ಕನ್ನಡಿಯ ಮುಂದೆ ಬ್ಯೂಟೀಶಿಯನ್‌ಳ ಪೆಟ್ಟಿಗೆ ತೆರೆದಿದೆ. ಅದರೊಳಗಿಂದ ಮೊಟ್ಟೆಯಾಕಾರದ ಗುಲಾಬಿ ಸ್ಪಂಜೊಂದು ಹೊರಬರುತ್ತದೆ. ಮದುಮಗಳ ಮುಖಕ್ಕೆ ಫೌಂಡೇಶನ್ ಹಚ್ಚಿಯಾದ ಮೇಲೆ ಅದೇ ಸ್ಪಂಜು ತಂಗಿಯ ಮುಖಕ್ಕೆ, ಆಮೇಲೆ ಅತ್ತಿಗೆಯ ಮುಖಕ್ಕೆ, ಕೊನೆಗೆ "ನನಗೂ ಸ್ವಲ್ಪ ಹಚ್ಚಮ್ಮಾ" ಎಂದು ಬಂದು ಕುಳಿತ ಮಾಮಿಯ ಮುಖಕ್ಕೆ ಹೋಗುತ್ತದೆ. ನಿನ್ನೆ ಆ ಸ್ಪಂಜು ಬೇರೆ ಊರಿನ ಮದುವೆಯಲ್ಲಿತ್ತು. ನಾಳೆ ಇನ್ನೊಂದು ಮನೆಯಲ್ಲಿರುತ್ತದೆ.

ಅದೇ ಕೋಣೆಯಲ್ಲಿ ಒಂದೇ ಹಲ್ಲುಜ್ಜುವ ಬ್ರಷ್ಷನ್ನು ನಾಲ್ವರು ಬಳಸಿದರೆ ನೀವು ಸುಮ್ಮನಿರುತ್ತೀರಾ? ಒಂದೇ ಟವೆಲಿನಲ್ಲಿ ನಾಲ್ವರು ಮುಖ ಒರೆಸಿಕೊಂಡರೆ? ಖಂಡಿತ ಮುಖ ಸಿಂಡರಿಸುತ್ತೀರಿ. ಆದರೆ ಸ್ಪಂಜಿನ ವಿಷಯಕ್ಕೆ ಬಂದಾಗ ನಮಗೆ ಆ ಹೇಸಿಗೆ ಹುಟ್ಟುವುದಿಲ್ಲ. ಯಾಕೆಂದರೆ ಅದಕ್ಕೆ ಸುಗಂಧವಿದೆ, ಬಣ್ಣವಿದೆ, ಅದು 'ಬ್ಯೂಟಿ'ಯ ವಸ್ತು.

ಎರಡು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳ ಮದುವೆಯಾಯಿತು. ನಿಕಾಹ್ ಆದ ನಾಲ್ಕನೆಯ ದಿನ ಅವಳ ಕೆನ್ನೆ ಮತ್ತು ಗಲ್ಲದ ಮೇಲೆ ಕೀವು ತುಂಬಿದ ಗುಳ್ಳೆಗಳೆದ್ದವು. ಗಂಡನ ಮನೆಯ ನೆಂಟರು ಹೊಸ ಮದುಮಗಳನ್ನು ನೋಡಲು ಬರುತ್ತಿದ್ದ ದಿನಗಳವು. ಅವಳು ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡೇ ಕೂರುತ್ತಿದ್ದಳು. ಚರ್ಮವೈದ್ಯರು "ಯಾವ ಕ್ರೀಮ್ ಹಚ್ಚಿದ್ದೆ?" ಎಂದು ಕೇಳಿದ ಬಳಿಕ "ಯಾವುದರಿಂದ ಹಚ್ಚಿದರು?" ಎಂದೂ ಕೇಳಿದರು. ಸ್ಪಂಜೇ ಕಾರಣ ಎಂದು ಅವರು ಆಣೆಯಿಟ್ಟು ಹೇಳಲಿಲ್ಲ. ಆದರೆ ನಾವ್ಯಾರೂ ಅದುವರೆಗೆ ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಮನೆಗೆ ಬಂದ ಮೇಲೆ ಅವಳು ಹೇಳಿದ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. "ಸ್ಪಂಜು ಕಂದು ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದ್ದೆ ಚಿಕ್ಕಮ್ಮಾ. ಆದರೆ ಹೇಗೆ ಹೇಳುವುದು? ಎಲ್ಲರೂ ಅಲ್ಲೇ ಇದ್ದರು."

ಮೇಕಪ್ ಬೇಕೇ ಬೇಡವೇ, ಎಷ್ಟು ಬೇಕು ಎಂಬ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ಹಚ್ಚುವವರು ಹೇಗೂ ಹಚ್ಚುತ್ತಾರೆ. ಯಾವುದರಿಂದ ಹಚ್ಚಬೇಕು, ಅದನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದರ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಹೇಳುತ್ತೇನೆ.

ಸ್ಪಂಜಿನೊಳಗೆ ಏನಿದೆ?

ಮೊಟ್ಟೆಯಾಕಾರದ ಸ್ಪಂಜಿಗೆ ಹೆಚ್ಚು ವಯಸ್ಸಾಗಿಲ್ಲ. ಅಮೆರಿಕದ ಮೇಕಪ್ ಕಲಾವಿದೆ ರಿಯಾ ಆ್ಯನ್ ಸಿಲ್ವಾ ಟಿವಿ ಚಿತ್ರೀಕರಣಕ್ಕಾಗಿ ಅದನ್ನು ರೂಪಿಸಿದರು. ಅತಿ ಸ್ಪಷ್ಟವಾಗಿ ತೋರಿಸುವ ಕ್ಯಾಮೆರಾಗಳ ಮುಂದೆ ಫೌಂಡೇಶನ್‌ನ ಗೆರೆಗಳು ಕಾಣಬಾರದು ಎಂಬುದು ಅದರ ಉದ್ದೇಶವಾಗಿತ್ತು. 2003ರ ಸುಮಾರಿಗೆ ಅದು ಮಾರುಕಟ್ಟೆಗೆ ಬಂತು. ಇಂದು ನಮ್ಮ ಊರಿನ ಫ್ಯಾನ್ಸಿ ಅಂಗಡಿಗಳಲ್ಲೂ ಅದರ ಹತ್ತಾರು ನಕಲುಗಳು ತೂಗಾಡುತ್ತಿವೆ.

ನೀರಿನಲ್ಲಿ ನೆನೆಸಿ, ಹಿಂಡಿ, ಒದ್ದೆಯಾಗಿರುವಾಗಲೇ ಬಳಸಬೇಕು ಎಂಬುದು ಅದರ ಕ್ರಮ. ಗುಣವೂ ಅಲ್ಲೇ ಇದೆ, ದೋಷವೂ ಅಲ್ಲೇ ಇದೆ. ಒದ್ದೆ ಸ್ಪಂಜು ಫೌಂಡೇಶನನ್ನು ತೆಳುವಾಗಿ, ಸಮನಾಗಿ ಕೂರಿಸುತ್ತದೆ. ಆದರೆ ಅದರ ಸಾವಿರಾರು ಸಣ್ಣ ರಂಧ್ರಗಳಲ್ಲಿ ಫೌಂಡೇಶನ್, ಚರ್ಮದ ಜಿಡ್ಡು, ಸತ್ತ ಚರ್ಮದ ಕಣ, ಬೆವರು ಎಲ್ಲವೂ ಸೇರಿಕೊಳ್ಳುತ್ತವೆ. ಜೊತೆಗೆ ತೇವ. ರೋಗಾಣುಗಳು ಬೆಳೆಯಲು ಇನ್ನೇನು ಬೇಕು?

ಇದು ನನ್ನ ಊಹೆಯಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಆಸ್ಟನ್ ವಿಶ್ವವಿದ್ಯಾಲಯದ ಡಾ. ಅಮ್ರೀನ್ ಬಶೀರ್ ಮತ್ತು ಪ್ರೊ. ಪೀಟರ್ ಲ್ಯಾಂಬರ್ಟ್ ಜನರು ಬಳಸುತ್ತಿದ್ದ 467 ಮೇಕಪ್ ವಸ್ತುಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. 2019ರಲ್ಲಿ ಹೊರಬಂದ ಅವರ ವರದಿಯ ಪ್ರಕಾರ ಹೆಚ್ಚಿನ ವಸ್ತುಗಳಲ್ಲಿ ಬ್ಯಾಕ್ಟೀರಿಯಾ ಇದ್ದವು. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಸ್ಪಂಜುಗಳದ್ದು. ಅವುಗಳಲ್ಲಿ ಶೇ. 93ರಷ್ಟನ್ನು ಒಮ್ಮೆಯೂ ತೊಳೆದಿರಲಿಲ್ಲ. ಶೇ. 64ರಷ್ಟು ಒಮ್ಮೆಯಾದರೂ ನೆಲಕ್ಕೆ ಬಿದ್ದಿದ್ದವು. ಕೀವುಗುಳ್ಳೆಗಳಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್, ಮಲದಲ್ಲಿರುವ ಇ-ಕೋಲಿ ಮುಂತಾದವು ಅಲ್ಲಿ ಸಿಕ್ಕವು. ಅದು ತಂಪು ದೇಶದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆಯೇ ಒಣಗದ ನಮ್ಮ ಕರಾವಳಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಟ್ಟ ಒದ್ದೆ ಸ್ಪಂಜಿನ ಗತಿ ಏನಾಗಿರಬಹುದು? ಹಳೆಯ ಸ್ಪಂಜೊಂದನ್ನು ಕತ್ತರಿಯಿಂದ ಎರಡು ಭಾಗ ಮಾಡಿ ನೋಡಿ. ಒಳಗೆ ಕಪ್ಪು ಚುಕ್ಕೆಗಳು ಕಂಡರೆ ಅದು ಬೂಷ್ಟು.

ಬೆರಳು, ಬ್ರಷ್, ಸ್ಪಂಜು

ಹಾಗಾದರೆ ಯಾವುದು ಒಳ್ಳೆಯದು? ನನ್ನ ಉತ್ತರ ನಿಮಗೆ ಸಪ್ಪೆ ಅನ್ನಿಸಬಹುದು. ದಿನನಿತ್ಯದ ಬಳಕೆಗೆ ನಿಮ್ಮ ಸ್ವಂತ ಬೆರಳುಗಳೇ ಉತ್ತಮ. ಬೆರಳಿನ ಬಿಸಿಗೆ ಕ್ರೀಮ್ ಸುಲಭವಾಗಿ ಹರಡುತ್ತದೆ. ಬೆರಳು ಫೌಂಡೇಶನನ್ನು ಹೀರಿಕೊಳ್ಳುವುದಿಲ್ಲ, ಹಾಗಾಗಿ ಸ್ವಲ್ಪವೇ ಸಾಕಾಗುತ್ತದೆ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಮ್ಮ ಕೈಯಷ್ಟು ಪದೇ ಪದೇ ನೀರು ಕಾಣುವ ಸಲಕರಣೆ ಬೇರೆ ಯಾವುದಿದೆ? ಆದರೆ ವುಝೂ ಮಾಡಿದ್ದೇನೆ ಎಂದು ಸುಮ್ಮನಾಗಬೇಡಿ. ಬರೀ ನೀರಿಗೆ ಜಿಡ್ಡು ಹೋಗದು. ಮುಖ ಮುಟ್ಟುವ ಮೊದಲು ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಸೇರಿಸಿ ಕೈ ತೊಳೆಯಿರಿ. ಉಗುರು ಚಿಕ್ಕದಾಗಿರಲಿ.

ಎರಡನೆಯದು ಬ್ರಷ್. ಫೌಂಡೇಶನ್ ಸ್ವಲ್ಪ ದಪ್ಪವಾಗಿ ಕೂರಬೇಕಿದ್ದರೆ, ಕಲೆ ಮರೆಯಾಗಬೇಕಿದ್ದರೆ ಬ್ರಷ್ ಅನುಕೂಲ. ಚಪ್ಪಟೆ ಬ್ರಷ್ ಗೆರೆ ಉಳಿಸುತ್ತದೆ. ಕೂದಲು ಒತ್ತೊತ್ತಾಗಿರುವ ದುಂಡು ಬ್ರಷ್ಷನ್ನು ವೃತ್ತಾಕಾರವಾಗಿ ತಿರುಗಿಸಿದರೆ ಗೆರೆ ಕಾಣುವುದಿಲ್ಲ. ಮೊಡವೆಯಿರುವವರು ಗಟ್ಟಿಯಾಗಿ ಉಜ್ಜಬಾರದು.

ಬ್ರಷ್ ಕೊಳ್ಳುವಾಗ ಅದರ ಕೂದಲು ಯಾವುದು ಎಂದು ಕೇಳಿ. ಮೇಕಪ್ ಬ್ರಷ್‌ಗಳಿಗೆ ಮೇಕೆ, ಅಳಿಲು ಮುಂತಾದ ಪ್ರಾಣಿಗಳ ಕೂದಲನ್ನು ಬಳಸುತ್ತಾರೆ. ಕೆಲವು ಬಗೆಯ ಬ್ರಷ್‌ಗಳಿಗೆ ಹಂದಿಯ ಕೂದಲೂ ಬಳಕೆಯಾಗುತ್ತದೆ. ನಮಗೆ ಇದು ಸಣ್ಣ ವಿಷಯವಲ್ಲ. ಪ್ಯಾಕೆಟ್ಟಿನ ಮೇಲೆ ಸಿಂಥೆಟಿಕ್ ಅಥವಾ ನೈಲಾನ್ ಎಂದು ಬರೆದಿರುವ ಬ್ರಷ್ಷನ್ನೇ ಆರಿಸಿದರೆ ಸಂಶಯಕ್ಕೆ ಎಡೆಯಿಲ್ಲ. ಶುಚಿತ್ವದ ದೃಷ್ಟಿಯಿಂದಲೂ ಅದೇ ಮೇಲು. ಪ್ರಾಣಿಯ ಕೂದಲು ದ್ರವರೂಪದ ಫೌಂಡೇಶನನ್ನು ಹೀರಿಕೊಳ್ಳುತ್ತದೆ. ನೈಲಾನಿನ ಎಳೆ ಹೀರುವುದಿಲ್ಲ, ಬೇಗ ತೊಳೆಯಬಹುದು, ಬೇಗ ಒಣಗುತ್ತದೆ.

ಮೂರನೆಯದು ಸ್ಪಂಜು. ಅದನ್ನು ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ. ಪ್ರತಿ ಸಲ ಬಳಸಿದ ಮೇಲೆ ತೊಳೆದು ಗಾಳಿಗೆ ಒಣಗಿಸಲು ನಿಮಗೆ ಸಮಯವಿದ್ದರೆ ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಬೇಡ.

ವುಝೂ ಮತ್ತು ಟಚಪ್

ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ವಿಶೇಷ ಸಂದರ್ಭವಿದೆ. ವುಝೂ ಮಾಡುವಾಗ ನೀರು ಚರ್ಮಕ್ಕೆ ತಲುಪಬೇಕು. ನೀರನ್ನು ತಡೆಯುವ ಪದರ ಹಚ್ಚಿದ್ದರೆ ಅದನ್ನು ಮೊದಲು ತೆಗೆಯಬೇಕು. ಆದರೆ ಕಾಲೇಜಿನಲ್ಲಿ, ಕಚೇರಿಯಲ್ಲಿ, ಮದುವೆ ಹಾಲ್‌ನಲ್ಲಿ ಏನಾಗುತ್ತದೆ? ಮುಖ ತೊಳೆದು, ನಮಾಝ್ ಮುಗಿಸಿ, ಬ್ಯಾಗಿನಿಂದ ಬೆಳಗ್ಗೆಯ ಅದೇ ಒದ್ದೆ ಸ್ಪಂಜನ್ನು ತೆಗೆದು ಮತ್ತೆ ಮುಖಕ್ಕೆ ಒತ್ತುತ್ತೇವೆ. ಬೀಗದ ಕೈ, ನೋಟು, ಮೊಬೈಲ್‌ಗಳ ನಡುವೆ ಹೊರಳಾಡಿದ ಸ್ಪಂಜು ಅದು. ಈಗಷ್ಟೇ ಶುಚಿಗೊಳಿಸಿದ ಮುಖವನ್ನು ನಾವೇ ಕೊಳಕು ಮಾಡಿಕೊಂಡಂತಾಯಿತು.

ಆದ್ದರಿಂದ ಹೊರಗೆ ಹೋಗುವಾಗ ಸ್ಪಂಜು ಒಯ್ಯಬೇಡಿ. ಎರಡನೇ ಬಾರಿ ಹಚ್ಚಲೇಬೇಕಿದ್ದರೆ ತೊಳೆದ ಬೆರಳಿನಿಂದ ತೆಳುವಾಗಿ ಹಚ್ಚಿ. ಮದುವೆಯ ದಿನವಾದರೆ ನಮಾಝ್‌ನ ವೇಳೆ ನೋಡಿಕೊಂಡೇ ಬ್ಯೂಟೀಶಿಯನ್‌ಗೆ ಸಮಯ ಕೊಡಿ. ಅಸರ್ ಮುಗಿಸಿ ಕುಳಿತರೆ ಒಂದು ಬಾರಿ ಮೇಕಪ್ ತೆಗೆದು ಮತ್ತೆ ಹಚ್ಚುವ ಕಷ್ಟ ತಪ್ಪುತ್ತದೆ, ಚರ್ಮಕ್ಕೂ ಅಷ್ಟು ಉಜ್ಜಾಟ ಕಡಿಮೆ.

ತೊಳೆಯುವುದು ಹೇಗೆ?

ಬ್ರಷ್‌ಗಳನ್ನು 7ರಿಂದ 10 ದಿನಗಳಿಗೊಮ್ಮೆ ತೊಳೆಯಬೇಕು ಎಂದು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಸಲಹೆ ನೀಡುತ್ತದೆ. ಜುಮಾ ದಿನ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಶಾಂಪೂ ಸಾಕು. ಕೂದಲಿನ ಭಾಗ ಮಾತ್ರ ಕೆಳಮುಖವಾಗಿ ನೀರಿಗೆ ತಾಗಲಿ. ಹಿಡಿಕೆಯ ಲೋಹದ ಬಳೆಯೊಳಗೆ ನೀರು ಹೋದರೆ ಅಂಟು ಸಡಿಲವಾಗಿ ಕೂದಲು ಉದುರುತ್ತದೆ. ತೊಳೆದ ಬ್ರಷ್ಷನ್ನು ಲೋಟದಲ್ಲಿ ನಿಲ್ಲಿಸಬೇಡಿ, ಮೇಜಿನ ಅಂಚಿನಲ್ಲಿ ಕೂದಲು ಹೊರಚಾಚುವಂತೆ ಮಲಗಿಸಿ ಒಣಗಿಸಿ.

ಸ್ಪಂಜನ್ನು ಸೋಪು ಹಚ್ಚಿ, ಹಿಂಡಿದ ನೀರು ತಿಳಿಯಾಗುವವರೆಗೆ ಹಿಸುಕಿ ತೊಳೆಯಿರಿ. ಫ್ಯಾನಿನ ಕೆಳಗೆ ತೆರೆದಿಡಿ, ಡಬ್ಬಿಯೊಳಗೆ ಮುಚ್ಚಬೇಡಿ, ಬಚ್ಚಲಲ್ಲಿ ಇಡಬೇಡಿ. ಮೂರು ತಿಂಗಳಾದರೆ ಎಸೆಯಿರಿ. ಹರಿದರೆ, ವಾಸನೆ ಬಂದರೆ ಅಂದೇ ಎಸೆಯಿರಿ. ಮುಖದಲ್ಲಿ ಕೀವುಗುಳ್ಳೆ, ತುಟಿಯ ಬಳಿ ನೀರುಗುಳ್ಳೆ ಅಥವಾ ಕೆಂಗಣ್ಣು ಇರುವಾಗ ಬಳಸಿದ ಸ್ಪಂಜನ್ನು ಮತ್ತೆ ಬಳಸಲೇಬೇಡಿ. ಗುಳ್ಳೆಯೆದ್ದರೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ಹಚ್ಚುವುದೂ ಬೇಡ. ಅದು ಮೊದಲೆರಡು ದಿನ ಹಿತವೆನಿಸಿ ಆಮೇಲೆ ಚರ್ಮವನ್ನೇ ತೆಳುವಾಗಿಸುತ್ತದೆ. ವೈದ್ಯರನ್ನು ಕಾಣಿರಿ.

ದಾಕ್ಷಿಣ್ಯ ಬೇಡ

ಬ್ಯೂಟೀಶಿಯನ್ ಸಹೋದರಿಯರನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಈ ಕೆಲಸದಿಂದಲೇ ಮನೆ ನಡೆಸುತ್ತಿದ್ದಾರೆ. ಒಂದೇ ದಿನ ಎರಡು ಮದುವೆ ಒಪ್ಪಿಕೊಂಡವಳಿಗೆ ಸ್ಪಂಜು ಒಣಗಿಸಲು ಪುರುಸೊತ್ತು ಎಲ್ಲಿ? ಆದರೆ ಪ್ರತಿಯೊಬ್ಬರಿಗೂ ಬೇರೆ ಸ್ಪಂಜು, ಫೌಂಡೇಶನನ್ನು ಬಾಟಲಿಯಿಂದ ನೇರವಾಗಿ ಮುಖಕ್ಕೆ ಹಚ್ಚದೆ ತಟ್ಟೆಯೊಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ, ಇವೆರಡನ್ನು ಪಾಲಿಸಿದವಳ ಬಳಿಗೆ ಗಿರಾಕಿಗಳು ನಂಬಿಕೆಯಿಂದ ಬರುತ್ತಾರೆ. ಸ್ಪಂಜಿನ ಖರ್ಚನ್ನು ಬಿಲ್ಲಿಗೆ ಸೇರಿಸಲಿ, ನಾವು ಕೊಡೋಣ. ಮದುವೆಗೆ ಲಕ್ಷಗಟ್ಟಲೆ ಸುರಿಯುವ ನಾವು ಒಂದು ಸ್ಪಂಜಿನ ಬೆಲೆಗೆ ಚೌಕಾಸಿ ಮಾಡಬಾರದು.

ಇದಕ್ಕಿಂತ ಸುಲಭದ ದಾರಿಯೂ ಇದೆ. ಮದುಮಗಳಿಗೆ ಕೊಡುವ ಸೂಟ್‌ಕೇಸಿನಲ್ಲಿ ಸಾಬೂನು, ಅತ್ತರು, ಬಾಚಣಿಗೆ ಎಲ್ಲವನ್ನೂ ಲೆಕ್ಕ ಹಾಕಿ ಇಡುತ್ತೇವಲ್ಲ? ಅದರ ಜೊತೆ ಹೊಸ ಸಿಂಥೆಟಿಕ್ ಬ್ರಷ್ ಒಂದು, ಹೊಸ ಸ್ಪಂಜು ಒಂದು ಇಡಿ. ಮೇಕಪ್‌ಗೆ ಕೂರುವಾಗ ಅದನ್ನು ಬ್ಯೂಟೀಶಿಯನ್‌ಳ ಕೈಗೆ ಕೊಡಿ. ಆಗ ಯಾರನ್ನೂ ನೋಯಿಸುವ ಮಾತು ಆಡಬೇಕಾಗಿಯೇ ಇಲ್ಲ.

ಆ ಕೋಣೆಯಲ್ಲಿ ಮದುಮಗಳಿಗೆ ಬಾಯಿ ಬಿಡುವುದು ಕಷ್ಟ. ಹತ್ತಾರು ಹಿರಿಯರ ನಡುವೆ ತಲೆ ತಗ್ಗಿಸಿ ಕುಳಿತವಳು ಅವಳು. ಆದ್ದರಿಂದ ಮಾತಾಡಬೇಕಾದವರು ತಾಯಂದಿರು, ಅಕ್ಕಂದಿರು, ಚಿಕ್ಕಮ್ಮಂದಿರು. ಅಂದು ನಾನೂ ಅದೇ ಕೋಣೆಯಲ್ಲಿದ್ದೆ. ಹೂ ಕಟ್ಟುತ್ತಾ, ನಗುತ್ತಾ ಕುಳಿತಿದ್ದೆ. ಸ್ಪಂಜಿನ ಕಡೆ ನಾನು ನೋಡಲೇ ಇಲ್ಲ. ಮುಂದಿನ ಮದುವೆಗೆ ಹೋದಾಗ ನೀವಾದರೂ ನೋಡಿ.